ಅಂಗಿಗಳನ್ನು ಕಂಡು ಡೇಸಿ ಅತ್ತದ್ದೇಕೆ?

ಪ್ರಶ್ನೆ: ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯನ್ನು ಈಚೆಗೆ ನಮ್ಮ ಓದುಗರ ಬಳಗದಲ್ಲಿ ಓದಿದೆವು. ಗ್ಯಾಟ್ಸ್‌ಬಿಯದು ನಿಜವಾದ ಪ್ರೀತಿಯೋ, ಸಿರಿತನದ ಮೇಲಿನ ಮೋಹವೋ ಎಂಬ ಬಗ್ಗೆ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ಅಂಗಿಗಳ ರಾಶಿಯನ್ನು ಕಂಡು ಡೇಸಿ ಅಳುವ ಸನ್ನಿವೇಶವಂತೂ ಕೆಲವರಿಗೆ ನಗು ತರಿಸಿತು. ಹಸಿರು ದೀಪವೆಂದರೆ ಆಸೆ, ಜಾಹೀರಾತಿನ ಕಣ್ಣುಗಳೆಂದರೆ ದೇವರು ಎಂದು ಗೈಡುಗಳಲ್ಲಿ ಬರೆದಿದ್ದಾರೆ. ಇದನ್ನು ಹಾಗೆಯೇ ಒಪ್ಪಿಕೊಳ್ಳಬಹುದೇ?

ಉತ್ತರ: ನಗು ತರಿಸಿದ ಸನ್ನಿವೇಶವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ಕಾದಂಬರಿಯನ್ನು ಹಲವು ವರ್ಷ ತರಗತಿಯಲ್ಲಿ ಓದಿಸಿದ ನನಗೆ, ನೀವು ಕೇಳಿರುವ ಉಳಿದೆರಡು ಪ್ರಶ್ನೆಗಳ ಉತ್ತರವೂ ಆ ಅಂಗಿಗಳ ರಾಶಿಯಲ್ಲಿಯೇ ಅಡಗಿದೆ ಎನ್ನಿಸುತ್ತದೆ.

ಕಾದಂಬರಿಯನ್ನು ಓದದವರಿಗಾಗಿ ಕಥೆಯ ಎಳೆಯನ್ನಷ್ಟು ಹೇಳಿಬಿಡುತ್ತೇನೆ. 1925ರ ಏಪ್ರಿಲ್‌ನಲ್ಲಿ ಪ್ರಕಟವಾದ ಈ ಕೃತಿಯ ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ. ಒಂದು ಕೊಲ್ಲಿಯ ಆಚೀಚೆ ಎರಡು ಊರುಗಳು: ತಲೆಮಾರುಗಳ ಆಸ್ತಿಯ ಮೇಲೆ ನೆಮ್ಮದಿಯಾಗಿ ಕೂತ ಮನೆತನದವರು ಈಸ್ಟ್ ಎಗ್‌ನಲ್ಲಿ, ನಿನ್ನೆ ಮೊನ್ನೆ ದುಡ್ಡು ಕಂಡವರು ವೆಸ್ಟ್ ಎಗ್‌ನಲ್ಲಿ. ಕಥೆ ಹೇಳುವ ನಿಕ್ ಕ್ಯಾರವೇ ಬಾಂಡ್ ವ್ಯಾಪಾರ ಕಲಿಯಲು ಬಂದವನು; ತಿಂಗಳಿಗೆ 80 ಡಾಲರ್ ಬಾಡಿಗೆಯ ಪುಟ್ಟ ಮನೆಯಲ್ಲಿದ್ದಾನೆ. ಪಕ್ಕದ ಅರಮನೆಯಂಥ ಬಂಗಲೆ ಜೇ ಗ್ಯಾಟ್ಸ್‌ಬಿಯದು. ಉತ್ತರ ಡಕೋಟಾದ ಬಡ ರೈತರ ಮಗನಾಗಿ ಜೇಮ್ಸ್ ಗ್ಯಾಟ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಇವನು ಹದಿನೇಳನೆಯ ವಯಸ್ಸಿನಲ್ಲಿ ತನ್ನ ಹೆಸರನ್ನು ತಾನೇ ಬದಲಿಸಿಕೊಂಡ. 1917ರಲ್ಲಿ ಸೈನ್ಯದ ಯುವ ಅಧಿಕಾರಿಯಾಗಿ ಲೂಯಿವಿಲ್ ನಗರದಲ್ಲಿದ್ದಾಗ ಡೇಸಿ ಎಂಬ ಸಿರಿವಂತರ ಮಗಳನ್ನು ಪ್ರೀತಿಸಿದ. ಅವನು ಯುದ್ಧಕ್ಕೆ ಹೋದ ಮೇಲೆ ಅವಳು ಷಿಕಾಗೊದ ಭಾರಿ ಶ್ರೀಮಂತ ಟಾಮ್ ಬ್ಯುಕ್ಯಾನನ್‌ನನ್ನು 1919ರ ಜೂನ್‌ನಲ್ಲಿ ಮದುವೆಯಾದಳು. ಪಾನನಿಷೇಧದ ಆ ಕಾಲದಲ್ಲಿ ಕಳ್ಳದಾರಿಯಲ್ಲಿ ಮದ್ಯ ಮಾರಿ, ಇನ್ನೂ ಏನೇನೋ ವ್ಯವಹಾರ ಮಾಡಿ ಹಣ ಕೂಡಿಸಿದ ಗ್ಯಾಟ್ಸ್‌ಬಿ, ಕೊಲ್ಲಿಯಾಚೆಗೆ ಡೇಸಿಯ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಈಚೆ ದಡದ ಬಂಗಲೆಯನ್ನು ಕೊಂಡಿದ್ದಾನೆ. ಡೇಸಿ ನಿಕ್‌ನ ದೂರದ ಸಂಬಂಧಿ. ಅವನ ಮನೆಯಲ್ಲಿಯೇ ಐದು ವರ್ಷಗಳ ಬಳಿಕ ಇಬ್ಬರೂ ಎದುರಾಗುತ್ತಾರೆ.

ಐದನೆಯ ಅಧ್ಯಾಯದ ಈ ಭೇಟಿಯ ನಂತರ ಗ್ಯಾಟ್ಸ್‌ಬಿ ಅವಳಿಗೆ ತನ್ನ ಬಂಗಲೆಯನ್ನೆಲ್ಲ ತೋರಿಸುತ್ತಾನೆ. ಕೊನೆಗೆ ತನ್ನ ಮಲಗುವ ಕೋಣೆಯ ಕಪಾಟುಗಳನ್ನು ತೆರೆದು, ಇಂಗ್ಲೆಂಡಿನಲ್ಲಿರುವ ಒಬ್ಬಾತ ವಸಂತಕ್ಕೊಮ್ಮೆ ಶರತ್ಕಾಲಕ್ಕೊಮ್ಮೆ ತನಗಾಗಿ ಬಟ್ಟೆ ಆರಿಸಿ ಕಳಿಸುತ್ತಾನೆಂದು ಹೇಳಿ, ಅಂಗಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಎಸೆಯತೊಡಗುತ್ತಾನೆ. ತೆಳು ಲಿನನ್, ದಪ್ಪ ರೇಷ್ಮೆ, ನಯವಾದ ಫ್ಲಾನೆಲ್. ಹವಳದ ಬಣ್ಣ, ಸೇಬಿನ ಹಸಿರು, ತಿಳಿನೇರಳೆ, ಮಸುಕಾದ ಕಿತ್ತಳೆ. ಬೀಳುತ್ತ ಬೀಳುತ್ತ ಅವುಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ, ರಾಶಿ ಏರುತ್ತದೆ. ಇದ್ದಕ್ಕಿದ್ದಂತೆ ಡೇಸಿ ಆ ರಾಶಿಯಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಇಷ್ಟು ಚೆಂದದ ಅಂಗಿಗಳನ್ನು ತಾನು ಈವರೆಗೆ ಕಂಡೇ ಇರಲಿಲ್ಲವಾದ್ದರಿಂದ ದುಃಖವಾಗುತ್ತಿದೆ ಎಂಬುದಷ್ಟೇ ಅವಳು ಕೊಡುವ ಕಾರಣ.

ಡೇಸಿ ವಸ್ತುಗಳಿಗೆ ಮರುಳಾಗುವ ಟೊಳ್ಳು ಹೆಣ್ಣು, ಅದಕ್ಕೇ ಬಟ್ಟೆ ನೋಡಿ ಅಳುತ್ತಾಳೆ ಎಂದು ಕೆಲವರು ಓದುತ್ತಾರೆ. ಆದರೆ ಟಾಮ್‌ನ ಹೆಂಡತಿಗೆ ಒಳ್ಳೆಯ ಬಟ್ಟೆಗಳ ಬರವಿರಲಿಲ್ಲ. ಅವಳ ಅಳುವಿಗೆ ಕಾರಣ ಹುಡುಕಬೇಕಾದರೆ ಒಂದು ಅಧ್ಯಾಯ ಹಿಂದಕ್ಕೆ ಹೋಗಿ, ಅವಳ ಗೆಳತಿ ಜಾರ್ಡನ್ ಬೇಕರ್ ನಿಕ್‌ಗೆ ಹೇಳುವ ಒಂದು ಘಟನೆಯನ್ನು ನೆನೆಯಬೇಕು. ಮದುವೆಯ ಹಿಂದಿನ ದಿನ ಟಾಮ್ ಡೇಸಿಗೆ 3,50,000 ಡಾಲರ್ ಬೆಲೆಯ ಮುತ್ತಿನ ಸರ ಕೊಟ್ಟಿದ್ದಾನೆ. ಅಂದಿನ ರಾತ್ರಿಯೂಟಕ್ಕೆ ಅರ್ಧ ಗಂಟೆ ಇರುವಾಗ ಜಾರ್ಡನ್ ಕೋಣೆಗೆ ಹೋದರೆ, ಡೇಸಿ ಕಂಠಪೂರ್ತಿ ಕುಡಿದು ಬಿದ್ದಿದ್ದಾಳೆ. ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ಒಂದು ಪತ್ರ. ಮುತ್ತಿನ ಸರವನ್ನು ಕಸದ ಬುಟ್ಟಿಯಿಂದ ಹೊರಗೆಳೆದು, ಇದು ಯಾರದ್ದೋ ಅವರಿಗೇ ಕೊಟ್ಟುಬಿಡಿ, ಡೇಸಿ ಮನಸ್ಸು ಬದಲಿಸಿದಳೆಂದು ಎಲ್ಲರಿಗೂ ಹೇಳಿಬಿಡಿ ಎಂದು ಗೋಗರೆಯುತ್ತಾಳೆ. ಅವಳನ್ನು ತಣ್ಣೀರಿನ ತೊಟ್ಟಿಗಿಳಿಸುತ್ತಾರೆ. ನೀರಿನಲ್ಲಿಯೂ ಪತ್ರವನ್ನು ಬಿಡಲೊಲ್ಲಳು. ಅದು ಮುಷ್ಟಿಯಲ್ಲಿ ಒದ್ದೆ ಮುದ್ದೆಯಾಗಿ, ಹಿಮದಂತೆ ಉದುರತೊಡಗಿದಾಗ ಮಾತ್ರ ಸೋಪಿನ ತಟ್ಟೆಯಲ್ಲಿ ಇಡಗೊಡುತ್ತಾಳೆ. ಅರ್ಧ ಗಂಟೆಯ ನಂತರ ಮುತ್ತಿನ ಸರ ಅವಳ ಕೊರಳಲ್ಲಿದೆ. ಮರುದಿನ ಸಂಜೆ ಐದಕ್ಕೆ, ಒಂದಿಷ್ಟೂ ಅಳುಕದೆ, ಅವಳು ಟಾಮ್‌ನ ಕೈಹಿಡಿಯುತ್ತಾಳೆ.

ಪತ್ರ ಯಾರದ್ದೆಂದು ಜಾರ್ಡನ್ ಹೇಳುವುದಿಲ್ಲ; ಗ್ಯಾಟ್ಸ್‌ಬಿಯದೆಂದು ಊಹಿಸುವ ಕೆಲಸವನ್ನು ಲೇಖಕರು ನಮಗೇ ಬಿಟ್ಟಿದ್ದಾರೆ. ಆ ಸಂಜೆ ಡೇಸಿಯ ಮುಂದೆ ಎರಡು ವಸ್ತುಗಳಿದ್ದವು: ನೀರು ತಾಗಿದರೆ ಕರಗುವ ಕಾಗದ, ಕಸದ ಬುಟ್ಟಿಗೆ ಬಿದ್ದರೂ ಹೊಳಪು ಕಳೆದುಕೊಳ್ಳದ ಮುತ್ತು. ಬಡ ಪ್ರೇಮಿಯ ಬಳಿ ಕೊಡಲಿಕ್ಕೆ ಕಾಗದವಷ್ಟೇ ಇತ್ತು. ಮೂರು ವರ್ಷಗಳ ನಂತರ ಅದೇ ಪ್ರೇಮಿ ಮುತ್ತಿನ ಭಾಷೆಯನ್ನೇ ಕಲಿತು ಬಂದು, ರೇಷ್ಮೆ ಲಿನನ್‌ಗಳನ್ನು ಅವಳ ಮುಂದೆ ಮಳೆಗರೆಯುತ್ತಿದ್ದಾನೆ. ತಾನು ಅಂದು ಕೈಬಿಟ್ಟದ್ದು ಏನನ್ನು, ಅದಕ್ಕೆ ತೆತ್ತ ಬೆಲೆ ಎಷ್ಟು ಎಂಬುದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿದೆ ಎಂದು ನಾನು ಓದುತ್ತೇನೆ. ಅದನ್ನು ಬಾಯಿಬಿಟ್ಟು ಹೇಳುವ ಮಾತುಗಳು ಅವಳ ಬೆಳವಣಿಗೆಯಲ್ಲಿಯೇ ಇರಲಿಲ್ಲ. ಆದ್ದರಿಂದ ಅಂಗಿ ಚೆಂದವಿದೆ ಎನ್ನುತ್ತಾಳೆ. ಅವಳ ಅಳು ಸುಳ್ಳಲ್ಲ, ಅವಳು ಕೊಡುವ ಕಾರಣವೂ ಪೂರ್ತಿ ಸುಳ್ಳಲ್ಲ. ಇಲ್ಲಿ ಪ್ರೀತಿಗೆ ವಸ್ತುಗಳ ಹೊರತು ಬೇರೆ ನಾಲಗೆಯೇ ಇಲ್ಲ.

ಬಟ್ಟೆಯ ಈ ಎಳೆಯನ್ನು ಹಿಡಿದು ಹೊರಟರೆ ಕಾದಂಬರಿಯ ಉದ್ದಕ್ಕೂ ಅದು ಸಿಗುತ್ತದೆ. ಹುಡುಗ ಗ್ಯಾಟ್ಸ್‌ನನ್ನು ತನ್ನ ವಿಹಾರನೌಕೆಗೆ ಸೇರಿಸಿಕೊಂಡ ಗಣಿ ಶ್ರೀಮಂತ ಡ್ಯಾನ್ ಕೋಡಿ ಕೆಲವೇ ದಿನಗಳಲ್ಲಿ ಕೊಡಿಸುವುದು ಒಂದು ನೀಲಿ ಕೋಟು, ಆರು ಜೊತೆ ಬಿಳಿ ಪ್ಯಾಂಟು, ಒಂದು ಟೋಪಿ. ಲೂಯಿವಿಲ್‌ನಲ್ಲಿ ಅವನ ಬಡತನವನ್ನು ಡೇಸಿಯ ಕಣ್ಣಿಗೆ ಬೀಳದಂತೆ ಮುಚ್ಚಿದ್ದು ಸೈನ್ಯದ ಸಮವಸ್ತ್ರ. ಯುದ್ಧ ಮುಗಿದ ಮೇಲೆ ಬೇರೆ ಬಟ್ಟೆ ಕೊಳ್ಳಲು ಕಾಸಿಲ್ಲದೆ ಅದೇ ಸಮವಸ್ತ್ರದಲ್ಲಿ ಅಲೆಯುತ್ತಿದ್ದಾಗಲೇ ಜೂಜಿನ ದಂಧೆಯ ಮೇಯರ್ ವುಲ್ಫ್‌ಶೀಮ್ ಅವನನ್ನು ಕಂಡದ್ದು. (2013ರ ಚಲನಚಿತ್ರದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಪಾತ್ರವಿದು. ಕಾದಂಬರಿಯಲ್ಲಿ ಈ ಯೆಹೂದಿ ವ್ಯಕ್ತಿಯ ಚಿತ್ರಣ ಆ ಕಾಲದ ಜನಾಂಗದ್ವೇಷದ ಕೊಳೆಯನ್ನು ಹೊತ್ತುಕೊಂಡಿದೆ. ಈ ಕೃತಿಯನ್ನು ಎಷ್ಟೇ ಪ್ರೀತಿಸಿದರೂ ಅದನ್ನು ಹೇಳದಿರಲು ನನ್ನಿಂದಾಗದು.) ಟಾಮ್‌ನ ಪ್ರೇಯಸಿ, ಗ್ಯಾರೇಜಿನ ಜಾರ್ಜ್ ವಿಲ್ಸನ್‌ನ ಹೆಂಡತಿ ಮರ್ಟಲ್‌ಳನ್ನು ನೋಡಿ. ರೈಲಿನಲ್ಲಿ ಟಾಮ್‌ನನ್ನು ಮೊದಲು ಕಂಡಾಗ ಅವಳ ಕಣ್ಣು ನೆಟ್ಟದ್ದು ಅವನ ಸೂಟಿನ ಮೇಲೆ, ಮಿರುಗುವ ಬೂಟಿನ ಮೇಲೆ. ನಿಲ್ದಾಣದಲ್ಲಿ ಅವನ ಅಂಗಿಯ ಬಿಳಿ ಎದೆಭಾಗ ತನ್ನ ತೋಳಿಗೆ ಒತ್ತಿದ್ದನ್ನು ಅವಳು ಮರೆತಿಲ್ಲ. ತನ್ನ ಗಂಡ ಮದುವೆಯ ದಿನ ತೊಟ್ಟಿದ್ದು ಯಾರದೋ ಎರವಲು ಸೂಟು ಎಂದು ತಿಳಿದ ದಿನ ಅವಳು ಹಾಸಿಗೆಗೆ ಬಿದ್ದು ಅತ್ತಿದ್ದಳು. ಈಸ್ಟ್ ಎಗ್‌ನ ಒಡತಿಯೂ ಗ್ಯಾರೇಜಿನ ಮಹಡಿಯ ಹೆಂಗಸೂ ಅಳುವುದು ಅಂಗಿ, ಸೂಟುಗಳನ್ನು ನೆಪ ಮಾಡಿಕೊಂಡೇ. ಒಬ್ಬಳನ್ನು ಮಾತ್ರ ದುರಾಸೆಯವಳೆಂದು ಬೈದು ಇನ್ನೊಬ್ಬಳ ಬಗ್ಗೆ ಮರುಗುವುದು ನ್ಯಾಯವಲ್ಲ.

ಇನ್ನು ಗ್ಯಾಟ್ಸ್‌ಬಿಯ ಪ್ರೀತಿ. ನಿಜವೋ ಮೋಹವೋ ಎಂಬ ಪ್ರಶ್ನೆಯು ಪ್ರೀತಿಯನ್ನೂ ಹಣವನ್ನೂ ಎರಡು ಬೇರೆ ಪಾತ್ರೆಗಳಲ್ಲಿಟ್ಟು ತೂಗಬಹುದೆಂದು ಮೊದಲೇ ಒಪ್ಪಿಕೊಂಡುಬಿಡುತ್ತದೆ; ಕಾದಂಬರಿ ಅದನ್ನೇ ಒಪ್ಪುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಅವನು ಡೇಸಿಯ ಮನೆಗೆ ಮೊದಲು ಹೋದ ದಿನಗಳನ್ನು ನೆನೆಯುತ್ತಾನೆ. ಅಷ್ಟು ಸುಂದರವಾದ ಮನೆಯನ್ನು ಅವನು ಕಂಡೇ ಇರಲಿಲ್ಲ. ಅವಳನ್ನು ಹಲವರು ಆಗಲೇ ಪ್ರೀತಿಸಿದ್ದಾರೆಂಬ ಸಂಗತಿ ಅವನ ಕಣ್ಣಿನಲ್ಲಿ ಅವಳ ಬೆಲೆಯನ್ನು ಹೆಚ್ಚಿಸಿತು. ಬಡವರ ಬೆವರಿನ ಸೆಣಸಾಟದಿಂದ ಬಲು ಎತ್ತರದಲ್ಲಿ, ಬೆಳ್ಳಿಯಂತೆ ಹೊಳೆಯುತ್ತ, ಅವಳು ಸುರಕ್ಷಿತವಾಗಿದ್ದಳು. ಏಳನೆಯ ಅಧ್ಯಾಯದಲ್ಲಿ ಅವಳ ದನಿಯ ಮೋಡಿ ಎಲ್ಲಿದೆಯೆಂದು ನಿಕ್ ತಡಕಾಡುತ್ತಿರುವಾಗ, ಅವಳ ದನಿಯ ತುಂಬ ಹಣವಿದೆ ಎಂದು ಹೇಳುವವನು ಗ್ಯಾಟ್ಸ್‌ಬಿಯೇ. ಈ ಮಾತಿನಲ್ಲಿ ತಿರಸ್ಕಾರದ ಸುಳಿವೂ ಇಲ್ಲ. ಭಕ್ತ ದೇವರ ಗುಣವೊಂದನ್ನು ಹೆಸರಿಸುವ ಹಾಗೆ ಹೇಳುತ್ತಾನೆ.

ಹಾಗೆಂದು ಅವನು ಹಣಕ್ಕಾಗಿ ಅವಳನ್ನು ಬಯಸಿದವನೂ ಅಲ್ಲ. ಹಣ ಅವನ ಬಳಿ ಈಗ ಬೇಕಾದಷ್ಟಿದೆ. ತಾನು ಕರೆಯದ ನೂರಾರು ಜನ ಪ್ರತಿ ವಾರ ಬಂದು ಆ ಬಂಗಲೆಯಲ್ಲಿ ಕುಡಿದು ಕುಣಿದು ಹೋಗುವಾಗ ಅವನು ಒಬ್ಬನೇ ದೂರ ನಿಂತಿರುತ್ತಾನೆ. ಅವನಿಗೆ ಬೇಕಾದದ್ದು ಕಾಲವನ್ನೇ ಹಿಂದಕ್ಕೆ ತಿರುಗಿಸುವುದು. ಪ್ಲಾಜಾ ಹೋಟೆಲಿನ ಸೆಕೆಯ ಮಧ್ಯಾಹ್ನ, ಟಾಮ್‌ನನ್ನು ತಾನು ಎಂದೂ ಪ್ರೀತಿಸಿರಲಿಲ್ಲವೆಂದು ಅವಳು ಗಂಡನೆದುರಿಗೇ ಹೇಳಬೇಕೆಂದು ಪಟ್ಟು ಹಿಡಿಯುತ್ತಾನೆ. ಅವನನ್ನೂ ಒಮ್ಮೆ ಪ್ರೀತಿಸಿದ್ದೆ, ನಿನ್ನನ್ನೂ ಪ್ರೀತಿಸಿದೆ ಎಂದು ಅವಳು ಸತ್ಯವನ್ನೇ ಹೇಳಿದಾಗ ‘ನನ್ನನ್ನೂ’ ಎಂಬ ಆ ‘ಊ’ಕಾರ ಅವನಿಗೆ ಸಿಡಿಲಿನಂತೆ ಎರಗುತ್ತದೆ. ಮರುದಿನ ಅವನು ಒಂದು ವಿಚಿತ್ರವಾದ ಮಾತನ್ನಾಡುತ್ತಾನೆ: ಡೇಸಿ ಟಾಮ್‌ನನ್ನು ಒಂದು ಗಳಿಗೆ ಪ್ರೀತಿಸಿದ್ದರೂ ಅದು ಕೇವಲ ವೈಯಕ್ತಿಕ ಎಂದು. ಪ್ರೀತಿ ವೈಯಕ್ತಿಕವಲ್ಲದೆ ಇನ್ನೇನು ಎಂದು ನಾವು ಕೇಳುತ್ತೇವೆ. ಗ್ಯಾಟ್ಸ್‌ಬಿಗೆ ಅದು ವ್ಯಕ್ತಿಯನ್ನು ಮೀರಿದ್ದು. ತನ್ನ ಹೇಳಲಾರದ ಕನಸುಗಳನ್ನೆಲ್ಲ ಅವನು ಒಂದು ರಾತ್ರಿಯ ಚುಂಬನದಲ್ಲಿ ಒಬ್ಬ ಹುಡುಗಿಯ ಅಳಿದುಹೋಗುವ ಉಸಿರಿಗೆ ಕಟ್ಟಿಹಾಕಿದ್ದ. ಅಂದಿನಿಂದ ಅವಳು ಅವನಿಗೆ ಡೇಸಿ ಎಂಬ ಹೆಣ್ಣೂ ಹೌದು, ಹೆಣ್ಣಿಗಿಂತ ದೊಡ್ಡದಾದ ಯಾವುದರದೋ ಪ್ರತೀಕವೂ ಹೌದು. ಆ ಪ್ರತೀಕದ ಮೈಬಣ್ಣ ಬಂದದ್ದು ಸಿರಿತನದಿಂದ. ಆದ್ದರಿಂದ ಅವನ ಪ್ರೀತಿ ಪ್ರಾಮಾಣಿಕವೆಂದೂ ಅದು ಹಣದಿಂದಲೇ ನೇಯ್ದ ಪ್ರೀತಿಯೆಂದೂ ನಾನು ಒಟ್ಟಿಗೇ ಹೇಳುತ್ತೇನೆ.

ಲೇಖಕರ ಬದುಕಿನಲ್ಲಿ ಇದಕ್ಕೆ ಮೂಲವಿತ್ತು ಎಂಬುದನ್ನು ಚುಟುಕಾಗಿ ಹೇಳಬಹುದು. 1919ರಲ್ಲಿ ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿಯಲ್ಲಿ ಸಣ್ಣ ಸಂಬಳಕ್ಕೆ ದುಡಿಯುತ್ತಿದ್ದ ಫಿಟ್ಜ್‌ಜೆರಾಲ್ಡ್ ಅವರೊಡನೆ ಆಗಿದ್ದ ನಿಶ್ಚಿತಾರ್ಥವನ್ನು ಜೆಲ್ಡಾ ಸೇಯರ್ ಮುರಿದರು. 1920ರ ಮಾರ್ಚ್‌ನಲ್ಲಿ ಅವರ ಮೊದಲ ಕಾದಂಬರಿ ಹೊರಬಂದು ಯಶಸ್ಸು ಕಂಡಿತು. ಏಪ್ರಿಲ್‌ನಲ್ಲಿ ಇಬ್ಬರ ಮದುವೆಯಾಯಿತು. ಆದರೂ ಗ್ಯಾಟ್ಸ್‌ಬಿಯೇ ಲೇಖಕ, ಡೇಸಿಯೇ ಜೆಲ್ಡಾ ಎಂದು ಕೂಡಿ ಕಳೆಯುವ ಲೆಕ್ಕಕ್ಕೆ ಇಳಿಯಬೇಡಿ. ಕೃತಿ ಅದರಿಂದ ಕುಗ್ಗುತ್ತದೆ.

ಈಗ ಹಸಿರು ದೀಪ. ಡೇಸಿಯ ಮನೆಯ ದೋಣಿ ಧಕ್ಕೆಯ ತುದಿಯಲ್ಲಿ ರಾತ್ರಿಯೆಲ್ಲ ಉರಿಯುವ ಈ ದೀಪದ ಕಡೆಗೆ ಗ್ಯಾಟ್ಸ್‌ಬಿ ಕತ್ತಲಲ್ಲಿ ಕೈಚಾಚಿ ನಡುಗುತ್ತ ನಿಂತಿರುವುದನ್ನು ನಿಕ್ ಮೊದಲ ಅಧ್ಯಾಯದ ಕೊನೆಯಲ್ಲಿ ಕಾಣುತ್ತಾನೆ. ಅದು ಆಸೆ ಎಂದು ಗೈಡು ಬರೆದರೆ ತಪ್ಪೇನಿಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಅಂಗಿಗಳ ಸನ್ನಿವೇಶ ಮುಗಿಯುತ್ತಿದ್ದಂತೆ ಹೊರಗೆ ಮತ್ತೆ ಮಳೆ ಹಿಡಿಯುತ್ತದೆ. ಕಿಟಕಿಯ ಬಳಿ ನಿಂತ ಗ್ಯಾಟ್ಸ್‌ಬಿ, ಈ ಮಂಜಿಲ್ಲದಿದ್ದರೆ ನಿನ್ನ ಮನೆ ಕಾಣುತ್ತಿತ್ತು, ನಿಮ್ಮ ಧಕ್ಕೆಯ ತುದಿಯಲ್ಲಿ ರಾತ್ರಿಯಿಡೀ ಒಂದು ಹಸಿರು ದೀಪ ಉರಿಯುತ್ತಿರುತ್ತದೆ ಎನ್ನುತ್ತಾನೆ. ಡೇಸಿ ಅವನ ತೋಳಿಗೆ ತನ್ನ ತೋಳನ್ನು ಸೇರಿಸುತ್ತಾಳೆ. ಅವನ ಗಮನ ಅದರ ಮೇಲಿಲ್ಲ. ತಾನು ಈಗಷ್ಟೇ ಆಡಿದ ಮಾತಿನಲ್ಲಿಯೇ ಮುಳುಗಿದ್ದಾನೆ. ಆ ದೀಪದ ಅಗಾಧವಾದ ಅರ್ಥ ಇನ್ನೆಂದಿಗೂ ಇಲ್ಲವಾಯಿತೆಂದು ಅವನಿಗೆ ತೋರಿರಬೇಕು; ಅದೀಗ ಬರಿಯ ಧಕ್ಕೆಯ ಮೇಲಿನ ಬರಿಯ ಹಸಿರು ದೀಪ; ಅವನ ಲೋಕದಲ್ಲಿ ಮಂತ್ರಮುಗ್ಧಗೊಳಿಸುವ ವಸ್ತುಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಎಂದು ನಿಕ್ ಬರೆಯುತ್ತಾನೆ.

ಪ್ರತೀಕ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ಕಾದಂಬರಿ ನಮ್ಮ ಕಣ್ಣೆದುರಿಗೇ ಹೀಗೆ ಬಿಡಿಸಿ ತೋರಿಸುತ್ತದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿ ಸಿದ್ಧಾಂತದ ಆನಂದವರ್ಧನ ವಾಚ್ಯಕ್ಕೂ (ಮಾತಿನ ನೇರ ಅರ್ಥ) ವ್ಯಂಗ್ಯಾರ್ಥಕ್ಕೂ (ಮಾತು ಧ್ವನಿಸುವ ಒಳ ಅರ್ಥ) ಇರುವ ನಂಟನ್ನು ಹೇಳುವಾಗ ದೀಪದ ಹೋಲಿಕೆಯನ್ನೇ ತರುತ್ತಾನೆ: ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ಧ್ವನಿತಾರ್ಥ ಬೇಕಾದವನು ವಾಚ್ಯಾರ್ಥವನ್ನು ಆದರಿಸುತ್ತಾನೆ. ಗ್ಯಾಟ್ಸ್‌ಬಿಯ ಹಸಿರು ಬೆಳಕು ನೀರಿನಾಚೆಯ ದೂರವನ್ನೇ ಎಣ್ಣೆಯಾಗಿ ಕುಡಿದು ಉರಿಯುತ್ತಿತ್ತು. ಡೇಸಿ ಪಕ್ಕಕ್ಕೆ ಬಂದು ನಿಂತಾಗ ಎಣ್ಣೆ ತೀರಿತು. ಅವಳ ತೋಳಿನ ಸ್ಪರ್ಶಕ್ಕಿಂತ ಕಳೆದುಹೋದ ದೀಪವೇ ಅವನಿಗೆ ಹೆಚ್ಚಾಗಿ ಕಾಡಿದ್ದು ಈ ಪ್ರೇಮಕಥೆಯ ಅತ್ಯಂತ ನೋವಿನ ವಿವರವೆಂದು ನನ್ನ ಎಣಿಕೆ. ಕೊನೆಯ ಪುಟದಲ್ಲಿ ಹಸಿರು ಮರಳಿ ಬರುತ್ತದೆ. ಡಚ್ ನಾವಿಕರು ಮೊದಲ ಬಾರಿಗೆ ಕಂಡ ಹೊಸ ಲೋಕದ ಹಸಿರು ನೆಲವನ್ನೂ ಈ ದೀಪವನ್ನೂ ನಿಕ್ ಒಟ್ಟಿಗೆ ನೆನೆಯುತ್ತಾನೆ. ಒಬ್ಬನ ಖಾಸಗಿ ದೀಪ ಅಲ್ಲಿ ಒಂದು ದೇಶದ ದೀಪವಾಗುತ್ತದೆ.

ಜಾಹೀರಾತಿನ ಕಣ್ಣುಗಳ ಬಗ್ಗೆ ನನಗೆ ಗೈಡುಗಳೊಡನೆ ಇನ್ನೂ ಗಟ್ಟಿಯಾದ ತಕರಾರಿದೆ. ವೆಸ್ಟ್ ಎಗ್‌ಗೂ ನ್ಯೂಯಾರ್ಕಿಗೂ ನಡುವೆ ಬೂದಿಕಣಿವೆ ಬರುತ್ತದೆ; ಕ್ವೀನ್ಸ್ ಭಾಗದ ಕರೋನಾದಲ್ಲಿ ನಿಜವಾಗಿಯೂ ನಗರದ ಒಲೆಗಳ ಬೂದಿಯನ್ನು ಸುರಿಯುವ ಇಂಥ ಬಯಲಿತ್ತು, ಮುಂದೆ ಅಲ್ಲಿಯೇ 1939ರ ವಿಶ್ವ ಮೇಳ ನಡೆಯಿತು. ಆ ಬೂದಿಯ ಮೇಲೆ ಒಂದು ಹಳೆಯ ಫಲಕ: ಡಾಕ್ಟರ್ ಟಿ. ಜೆ. ಎಕಲ್‌ಬರ್ಗ್ ಎಂಬ ಕಣ್ಣಿನ ವೈದ್ಯರದು. ಮುಖವಿಲ್ಲ, ಹಳದಿ ಕನ್ನಡಕದ ಹಿಂದೆ ಬಣ್ಣ ಮಾಸಿದ ಎರಡು ದೈತ್ಯ ನೀಲಿ ಕಣ್ಣುಗಳು ಮಾತ್ರ. ಹೆಂಡತಿ ಕಾರಿನಡಿ ಸತ್ತ ರಾತ್ರಿ, ತಲೆಕೆಟ್ಟ ಜಾರ್ಜ್ ವಿಲ್ಸನ್ ಆ ಕಣ್ಣುಗಳನ್ನು ನೋಡುತ್ತ, ದೇವರು ಎಲ್ಲವನ್ನೂ ನೋಡುತ್ತಾನೆ ಎನ್ನುತ್ತಾನೆ. ಜೊತೆಗೆ ಕುಳಿತಿದ್ದ ನೆರೆಯ ಮೈಕೆಲಿಸ್, ಅದು ಜಾಹೀರಾತು ಎಂದು ತಿದ್ದುತ್ತಾನೆ. ಅಂದರೆ ಆ ಫಲಕವನ್ನು ದೇವರೆಂದು ಕರೆಯುವವನು ದುಃಖದಲ್ಲಿ ಮುಳುಗಿದ ಒಬ್ಬ ಮನುಷ್ಯ, ಕಾದಂಬರಿಯಲ್ಲ. ಅವನ ಮಾತನ್ನು ಪರೀಕ್ಷೆಯ ಉತ್ತರವಾಗಿ ಬರೆಯುವಾಗ ಮೈಕೆಲಿಸ್‌ನ ಮಾತನ್ನು ಬಿಟ್ಟುಬಿಟ್ಟರೆ ಸನ್ನಿವೇಶ ಅರ್ಧವಾಗುತ್ತದೆ.

ಇದರ ಜೊತೆಗೆ ಇಟ್ಟು ಓದಬೇಕಾದ ಇನ್ನೊಂದು ಮಾತಿದೆ; ಇದನ್ನು ಗಮನಿಸುವವರು ಕಡಿಮೆ. ಪ್ಲಾಜಾಕ್ಕೆ ಹೊರಡುವ ಮುನ್ನ, ಊಟದ ಮೇಜಿನ ಬಳಿ ಡೇಸಿ ಎಲ್ಲರೆದುರಿಗೆ ಗ್ಯಾಟ್ಸ್‌ಬಿಯನ್ನು ದಿಟ್ಟಿಸಿ, ನೀವು ಯಾವಾಗಲೂ ಎಷ್ಟು ತಂಪಾಗಿ ಕಾಣುತ್ತೀರಿ ಎಂದು ಹೇಳಿ, ನೀವು ಜಾಹೀರಾತಿನಲ್ಲಿರುವ ಆ ಮನುಷ್ಯನಂತೆ ಇದ್ದೀರಿ ಎನ್ನುತ್ತಾಳೆ. ಆ ಗಳಿಗೆಯಲ್ಲಿಯೇ ತನ್ನ ಹೆಂಡತಿ ಇವನನ್ನು ಪ್ರೀತಿಸುತ್ತಿದ್ದಾಳೆಂದು ಟಾಮ್‌ಗೆ ಅರಿವಾಗುವುದು. ಒಬ್ಬ ಹೆಣ್ಣು ತನ್ನ ಪ್ರೀತಿಯನ್ನು ನಿವೇದಿಸುವುದೂ ಜಾಹೀರಾತಿನ ಹೋಲಿಕೆಯಲ್ಲಿ, ಒಬ್ಬ ಗಂಡ ತನ್ನ ದೇವರನ್ನು ಕಾಣುವುದೂ ಜಾಹೀರಾತಿನ ಫಲಕದಲ್ಲಿ.

ಬಿಳಿಯೆಂದರೆ ಮುಗ್ಧತೆ, ಹಳದಿಯೆಂದರೆ ಭ್ರಷ್ಟತೆ ಎಂಬ ಬಣ್ಣಗಳ ಪಟ್ಟಿಯ ಬಗ್ಗೆ ಒಂದೇ ಉದಾಹರಣೆ ಸಾಕು. ಮರ್ಟಲ್‌ಳ ಜೀವ ತೆಗೆದ ಗ್ಯಾಟ್ಸ್‌ಬಿಯ ಕಾರು ನಿಕ್‌ನ ವರ್ಣನೆಯಲ್ಲಿ ಕೆನೆಬಣ್ಣದ್ದು. ಅಪಘಾತವನ್ನು ಕಂಡ ಮೈಕೆಲಿಸ್ ಪೊಲೀಸರಿಗೆ ಮೊದಲು ಅದು ತಿಳಿಹಸಿರು ಎಂದು ಹೇಳುತ್ತಾನೆ. ಇನ್ನೊಬ್ಬ ಸಾಕ್ಷಿಗೆ ಅದು ಹಳದಿ. ಒಂದೇ ಕಾರು ಮೂವರ ಕಣ್ಣಿನಲ್ಲಿ ಮೂರು ಬಣ್ಣ ತಾಳುವ ಕಾದಂಬರಿಯಲ್ಲಿ ಬಣ್ಣಗಳಿಗೆ ನಿಘಂಟು ಬರೆಯಹೊರಡುವುದು ಸಲ್ಲದು. ಯಾರು ನೋಡುತ್ತಿದ್ದಾರೆ, ಎಷ್ಟು ದೂರದಿಂದ, ಏನನ್ನು ಬಯಸುತ್ತ ಎಂದು ಪ್ರತಿ ಸಲವೂ ಕೇಳಿಕೊಂಡು ಓದಿ.

ನಿಮ್ಮ ಬಳಗದಲ್ಲಿ ಮತ್ತೊಮ್ಮೆ ಚರ್ಚೆ ನಡೆಯುವುದಾದರೆ, ಒಂಬತ್ತನೆಯ ಅಧ್ಯಾಯದ ಒಂದು ಸಣ್ಣ ಭಾಗವನ್ನು ಜೋರಾಗಿ ಓದಿಸಿ ನೋಡಿ. ಹೆಂಡತಿಯ ಸಾವಿಗೆ ಗ್ಯಾಟ್ಸ್‌ಬಿಯೇ ಕಾರಣನೆಂದು ನಂಬಿದ ವಿಲ್ಸನ್‌ನ ಗುಂಡೇಟಿಗೆ ಬಲಿಯಾದ ಮಗನ ಅಂತ್ಯಕ್ರಿಯೆಗಾಗಿ ಮುದುಕ ಹೆನ್ರಿ ಗ್ಯಾಟ್ಸ್ ದೂರದ ಮಿನೆಸೊಟಾದಿಂದ ಬಂದಿದ್ದಾನೆ. ಡೇಸಿಯಿಂದ ಒಂದು ಸಂದೇಶವಿಲ್ಲ, ಒಂದು ಹೂವಿಲ್ಲ. ಅಪ್ಪ ತನ್ನ ಜೇಬಿನಿಂದ, ಮಗ ಹಿಂದೆಂದೋ ಕಳಿಸಿದ್ದ ಒಂದು ಫೋಟೊ ತೆಗೆದು ನಿಕ್‌ಗೆ ತೋರಿಸುತ್ತಾನೆ. ಮೂಲೆಗಳು ಬಿರುಕುಬಿಟ್ಟು, ಹಲವರ ಕೈ ತಾಗಿ ಕೊಳೆಯಾದ ಆ ಫೋಟೊ ಅದೇ ಬಂಗಲೆಯದು. ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತಾನೆ. ಎಷ್ಟೋ ಜನರಿಗೆ ಎಷ್ಟೋ ಸಲ ತೋರಿಸಿದ್ದರಿಂದ, ತಾನೀಗ ನಿಂತಿರುವ ಮನೆಗಿಂತ ಆ ಫೋಟೊವೇ ಅವನಿಗೆ ಹೆಚ್ಚು ನಿಜವಾಗಿತ್ತು ಎನ್ನುತ್ತಾನೆ ನಿಕ್. ಫೋಟೊವನ್ನು ಒಳಗಿಟ್ಟುಕೊಳ್ಳಲು ಮುದುಕನಿಗೆ ಮನಸ್ಸಾಗುವುದಿಲ್ಲ; ಇನ್ನೊಂದು ನಿಮಿಷ ನಿಕ್‌ನ ಕಣ್ಣ ಮುಂದೆ ಹಾಗೆಯೇ ಹಿಡಿದಿರುತ್ತಾನೆ.